ರೀಲು ಬದಲಾಯಿಸುವ ಹೊತ್ತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಶ್ರೀನಿವಾಸಪುರದ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷಗಳಲ್ಲಿ ಅದೇ ಕೋಪವನ್ನು ನುಂಗಿ ನುಂಗಿ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವಳು ನಾನು. ಈಗ ವಯಸ್ಸಾದ ಮೇಲೆ ಒಂದಿಷ್ಟು ಹೊರಗೆ ಬಂದರೆ ಯಾರೂ ತಪ್ಪು ತಿಳಿಯಬಾರದು.

ನನ್ನ ತವರು ಮಾಲೂರು, ಸ್ಟೇಷನ್ನಿನ ಹಿಂದಿನ ಬೀದಿ. ಸುತ್ತ ರೈಲ್ವೆ ಕೆಲಸದವರ ತಮಿಳು ಮನೆಗಳು, ನಡುವೆ ನಮ್ಮದು. ನಾನು ಮಾತು ಕಲಿತದ್ದು ಅರ್ಧ ಅಮ್ಮನ ಸೊಂಟದ ಮೇಲೆ, ಅರ್ಧ ಪಕ್ಕದ ಮನೆಯ ಪಾಟಿ ಎಂಬ ತಮಿಳು ಅಜ್ಜಿಯ ಜಗುಲಿಯಲ್ಲಿ. ಆ ಬೀದಿಯಲ್ಲಿ ನಮ್ಮನ್ನು ಕನ್ನಡದವರು ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದೆ. ಇಲ್ಲಿ ಬೀದಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಬಂದ ಹೊಸದರಲ್ಲಿ ಒಂದು ದಿನ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಕೈಜಾರಿತು. ಗಾಬರಿಯಲ್ಲಿ ನನ್ನ ಬಾಯಿಂದ ತಮಿಳು ಬಂದುಬಿಟ್ಟಿತು. ಅಷ್ಟೇ ಸಾಕಾಯಿತು. ಅಂದಿನಿಂದ ನಾನು ಆ ಮನೆಗೆ ಅರವದವಳು. ಅಲ್ಲಿನವರು ತಮಿಳನ್ನು ಅರವ ಎನ್ನುವುದು. "ಆ ಅರವದವಳಿಗೆ ಹೇಳ್ರೇ, ಸಾರಿಗೆ ಅಷ್ಟು ಹುಣಿಸೆಹಣ್ಣು ಹಿಂಡ್ಬೇಡ ಅಂತ." ನಾನು ಅಲ್ಲೇ ಒಲೆಯ ಮುಂದೆ ಕೂತಿದ್ದರೂ ನಮ್ಮತ್ತೆ ಬೇರೆಯವರ ಕೈಲಿ ನನಗೆ ಹೇಳಿಸುತ್ತಿದ್ದರು. ಹುಟ್ಟಿದ ಬೀದಿಯಲ್ಲಿ ಕನ್ನಡದವಳು, ಕೊಟ್ಟ ಮನೆಯಲ್ಲಿ ಅರವದವಳು. ನಾನು ಯಾರೆಂದು ಯಾರನ್ನು ಕೇಳಬೇಕಾಗಿತ್ತೋ ದೇವರೇ ಬಲ್ಲ.

ತವರಿಗೆ ಹೋಗಿಬರೋಣವೆಂದರೆ ಅದಕ್ಕೂ ಬೀಗ ಬಿದ್ದಿತ್ತು. ಮದುವೆಯ ದಿನ ನಮ್ಮತ್ತೆಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ. ನಮ್ಮ ಕಡೆಯವರೇ ಮೊದಲು ಕೂತುಬಿಟ್ಟಿದ್ದರು. ತಪ್ಪಾಯಿತು ಎಂದು ಹೇಳಿ ಮುಗಿಸುವುದು ಬಿಟ್ಟು ನಮ್ಮಪ್ಪ, "ಎರಡನೇ ಪಂಕ್ತಿಗೂ ಅದೇ ಹೋಳಿಗೆ ಬಡಿಸೋದು ಬೀಗಿತ್ತಮ್ಮ" ಎಂದು ನಗೆಯಾಡಿದರು. ಆಮೇಲೆ ನಮ್ಮತ್ತೆ ಏನೋ ಅಂದರು, ಅಪ್ಪ ಇನ್ನೇನೋ ಅಂದರು. ಹೆಣ್ಣುಮಗಳು ತವರಿಗೆ ಹೋಗಬೇಕಾದರೆ ತವರಿನವರು ಬಂದು ಕರೆಯಬೇಕು, ಅದು ನಮ್ಮಲ್ಲಿನ ಪದ್ಧತಿ. ಕೈಮುಗಿದು ಕರೆಯದಿದ್ದರೆ ಕಳಿಸುವುದಿಲ್ಲ ಎಂದು ಅತ್ತೆ. ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಅಪ್ಪ. ಇಬ್ಬರ ಹಟದ ನಡುವೆ ಸಿಕ್ಕಿಕೊಂಡವಳು ಹೋಳಿಗೆಯನ್ನೇ ತಿನ್ನದ ನಾನು.

ನನ್ನ ಗಂಡ ಒಳ್ಳೆಯವರು. ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಮನೆಯಲ್ಲಿ ಮಾತೇ ಇಲ್ಲ. ಊರಿಗೆ ಹೋಗಿಬರಲೇ ಎಂದು ಕೇಳಿದರೆ, "ಅಮ್ಮನ್ನ ಕೇಳು" ಎನ್ನುವರು. ಅಮ್ಮನನ್ನು ಕೇಳಿದರೆ, "ಅವರಪ್ಪನ್ನ ಕೇಳ್ಲಿ" ಎಂದು ಗೋಡೆಗೆ ಹೇಳುವರು. ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಬೌರಿಂಗಪೇಟೆಗೆ ಹೋಗುವ ಪುಟ್ಟ ರೈಲು ಕೂಗುತ್ತಿತ್ತು. ಅದರಲ್ಲಿ ಕೂತು ಕೋಲಾರ ದಾಟಿ ಬೌರಿಂಗಪೇಟೆಯಲ್ಲಿ ದೊಡ್ಡ ರೈಲು ಹತ್ತಿದರೆ ಮಾಲೂರು. ಅದೆಷ್ಟು ಮಹಾ ದೂರ? ಬೆಳಿಗ್ಗೆ ಹೊರಟವಳು ಸಂಜೆಯ ದೀಪಕ್ಕೆ ತವರಿನಲ್ಲಿ ಇರಬಹುದಾಗಿತ್ತು. ಆ ಕೂಗು ಕೇಳಿದಾಗಲೆಲ್ಲ ಕೈಯಲ್ಲಿದ್ದ ಸೀರೆಯನ್ನು ಕಲ್ಲಿಗೆ ಬಡಿದ ಬಡಿತಕ್ಕೆ ಎಷ್ಟು ಅಂಚು ಹರಿದವೋ!

ಇಂಥದರಲ್ಲಿ ಊರಿಗೆ ಟೆಂಟು ಬಂತು. ಆಗ ಯುದ್ಧದ ಕಾಲ. ಟೂರಿಂಗ್ ಟಾಕೀಸಿನವರು ಕೋಲಾರದಲ್ಲಿ ಕೆಲವು ತಿಂಗಳು, ಮುಳಬಾಗಿಲಿನಲ್ಲಿ ಕೆಲವು ತಿಂಗಳು ಆಡಿಸಿ, ಮಾವಿನಕಾಯಿ ಕಾಲಕ್ಕೆ ಸರಿಯಾಗಿ ಗಾಡಿಗಳ ಮೇಲೆ ಡೇರೆ ಹೇರಿಕೊಂಡು ನಮ್ಮೂರಿಗೆ ಬರುತ್ತಿದ್ದರು. ಮಾವಿನ ಮಂಡಿಯ ಕೆಲಸಕ್ಕೆ ಊರ ತುಂಬ ಜನ ಇರುವ ಕಾಲ ಅದು. ನಮ್ಮತ್ತೆಗೆ ಪಿಕ್ಚರ್ ಎಂದರೆ ಪ್ರಾಣ. ದಿನವೆಲ್ಲ ಮೈ ನೋವು, ಮಂಡಿ ನೋವು ಎನ್ನುವವರು ಟೆಂಟಿನ ಹಾಡು ಕೇಳಿಸಿದ ಕೂಡಲೆ ಎದ್ದು ಸೀರೆ ಬದಲಾಯಿಸಿಬಿಡುವರು. ತೆಲುಗು ಪಿಕ್ಚರ್ ಆದರೆ ತೊಂದರೆಯಿಲ್ಲ. ಕನ್ನಡದ್ದು ಅಪರೂಪ. ಆದರೆ ಆ ವರ್ಷ ಟೆಂಟಿನವನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಎಲ್ಲ ತಮಿಳು. ನಮ್ಮತ್ತೆ ಎರಡು ದಿನ ಹೋಗಿ, ಬಾಯಿಬಾಯಿ ಬಿಟ್ಟು ನೋಡಿ, ಸಿಟ್ಟಿನಿಂದ ಮನೆಗೆ ಬಂದರು. ಮೂರನೆಯ ದಿನ ನನ್ನ ಮುಂದೆ ನಿಂತು, ಮುಖ ಅತ್ತ ತಿರುಗಿಸಿಕೊಂಡು, "ಸೀರೆ ಉಟ್ಕೋ, ನೀನೂ ಬಾ" ಎಂದರು. ಮದುವೆಯಾದ ಮೇಲೆ ಅವರು ನೇರವಾಗಿ ನನಗೇ ಹೇಳಿದ ಮೊದಲ ಮಾತು ಅದೇ ಇರಬೇಕು.

ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಟಾರ್ಪಾಲು ಕಟ್ಟಿದ್ದರು. ಹೆಂಗಸರ ಕಡೆ ಮರಳಿನ ಮೇಲೆ ಅವರವರ ಚಾಪೆ ಹಾಸಿಕೊಂಡು ಕೂರುವುದು. ಒಂದು ಮೂಲೆಯಲ್ಲಿ ಗೋಷಾ. ಸಾಬರ ಮನೆಯ ಹೆಂಗಸರಿಗೆಂದು ಮೂರು ಕಡೆ ತಡಿಕೆ, ಮುಂದೆ ಒಂದು ಕರಿ ಬಟ್ಟೆ. ದೀಪ ಆರಿದ ಮೇಲೆ ಟೆಂಟಿನ ಒಬ್ಬ ಮುದುಕಿ ಆ ಬಟ್ಟೆಯನ್ನು ಮೇಲಕ್ಕೆ ಎತ್ತಿ ಕಟ್ಟುವಳು, ದೀಪ ಹತ್ತುವ ಮೊದಲೇ ಕೆಳಗೆ ಬಿಡುವಳು. ಟೆಂಟಿನವನ ಹತ್ತಿರ ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದರೆ ಇನ್ನೊಂದು ಹಾಕುವ ತನಕ ದೀಪ. ಹಾಗಾಗಿ ಪ್ರತಿ ರೀಲಿಗೂ ಆ ಬಟ್ಟೆ ಏಳುವುದು, ಬೀಳುವುದು. ಪಿಕ್ಚರ್ ಓಡುವಾಗ ಆಯಿಲ್ ಎಂಜಿನ್ನಿನ ದಡದಡದಲ್ಲಿ ಹೆಚ್ಚು ಮಾತಾಡಲು ಆಗುತ್ತಿರಲಿಲ್ಲ. ರೀಲು ಬದಲಾಯಿಸುವ ಆ ಹೊತ್ತಿನಲ್ಲೇ ನಾನು ನಡೆದ ಕಥೆಯನ್ನೆಲ್ಲ ಹೇಳಿ ಮುಗಿಸಬೇಕಾಗಿತ್ತು.

"ಏಮಂಟಾಡೇ? ಏನಂತೆ ಅವ್ನು ಹೇಳೋದು?" ನಮ್ಮತ್ತೆ ನನ್ನ ತೊಡೆ ತಿವಿಯುವರು. ನಾನು ಹೇಳುವೆ. ಮೊದಲ ದಿನ ಅವರೊಬ್ಬರಿಗೇ ಹೇಳಿದೆ. ವಾರದೊಳಗೆ ನಮ್ಮ ಚಾಪೆಯ ಸುತ್ತ ಹೆಂಗಸರ ಗುಂಪೇ ಕೂರತೊಡಗಿತು. "ಇವ್ರ ಸೊಸೆಗೆ ಅರವ ಬರುತ್ತಂತೆ ಕಣೇ, ಇಲ್ಲೇ ಕೂರು." ಬೈಗುಳವಾಗಿದ್ದದ್ದು ಇದ್ದಕ್ಕಿದ್ದಂತೆ ಬಿರುದಾಗಿಬಿಟ್ಟಿತು. ನಮ್ಮತ್ತೆ ಮೂಗೆತ್ತಿಕೊಂಡು, "ನಮ್ಮ ಸೊಸೆ" ಎಂದು ಊರಿಗೆಲ್ಲ ತೋರಿಸುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಗುಂಪು ದೊಡ್ಡದಾಗಿ ನಾವು ಸರಿದು ಸರಿದು ಗೋಷಾದ ಪಕ್ಕಕ್ಕೇ ಬಂದುಬಿಟ್ಟೆವು. ಒಂದು ದಿನ ಮಿಷನ್ನಿನವನು ರೀಲು ಅದಲುಬದಲು ಮಾಡಿಬಿಟ್ಟ. ರಾಜ ಸತ್ತ, ಚಿತೆ ಉರಿಯಿತು, ರಾಣಿ ಅತ್ತಳು. ಮುಂದಿನ ರೀಲಿನಲ್ಲಿ ನೋಡಿದರೆ ರಾಜ ಕುದುರೆ ಹತ್ತಿ ನಗುತ್ತಾ ಬೇಟೆಗೆ ಹೊರಟಿದ್ದಾನೆ! ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎನ್ನುವುದಕ್ಕೆ ನನಗೆ ಮನಸ್ಸಾಗಲಿಲ್ಲ. "ಇವನು ಅವನ ಅವಳಿ ತಮ್ಮ" ಎಂದೆ. "ಓ, ಹಾಗಾ" ಎಂದು ಎಲ್ಲರೂ ಒಪ್ಪಿಕೊಂಡರು. ಆಗ ಕರಿ ಬಟ್ಟೆಯ ಹಿಂದಿನಿಂದ ಒಂದು ದಪ್ಪ ಧ್ವನಿ ಬಂತು: "ಅವಳಿ ಆದ್ರೆ ಗಂಟಲೂ ಒಂದೇ ಇರ್ತದಾ ಬೇಟೀ?" ಆಮೇಲೆ ಕಿಸಕಿಸ ನಗು. ನನಗೂ ನಗು ತಡೆಯಲಾಗಲಿಲ್ಲ. ನಮ್ಮತ್ತೆ ಮಾತ್ರ ಎಷ್ಟೋ ತಿಂಗಳು ಆ ಅವಳಿ ತಮ್ಮನ ಒಳ್ಳೆಯತನವನ್ನೇ ಹೊಗಳುತ್ತಿದ್ದರು.

ಅವರೇ ಬೂಬಮ್ಮ. ಸಾಬರ ಮನೆಯ ಹಿರಿಯ ಹೆಂಗಸನ್ನು ನಮ್ಮ ಕಡೆ ಹಾಗೇ ಕರೆಯುವುದು. ನಿಜವಾದ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ. ಮಾವಿನ ಮಂಡಿ ಇಟ್ಟಿದ್ದ ಮನೆಯವರು ಎಂದಷ್ಟೇ ಗೊತ್ತು. ಎಲ್ಲರಿಗಿಂತ ಮೊದಲು ಬಂದು ಗೋಷಾದ ಒಳಗೆ ಕೂತಿರುವರು, ಎಲ್ಲರೂ ಹೋದ ಮೇಲೆ ಎದ್ದು ಹೋಗುವರು. ಕತ್ತಲಲ್ಲಿ ಬಟ್ಟೆ ಎತ್ತಿದ್ದಾಗ ಒಂದು ಕರಿಯ ಆಕಾರ ಕಾಣಿಸುತ್ತಿತ್ತು, ಅಷ್ಟೇ. ಬಟ್ಟೆಯ ಕೆಳಗಿಂದ ಒಂದೊಂದು ದಿನ ಒಂದು ಬಾದಾಮಿ ಮಾವಿನಹಣ್ಣು ನನ್ನ ಕಡೆ ಉರುಳಿ ಬರುವುದು. ಹೆಚ್ಚದ ಇಡೀ ಹಣ್ಣು, ಅದಕ್ಕೆ ಮೈಲಿಗೆಯಿಲ್ಲ ಎಂದು ನಮ್ಮತ್ತೆಯೇ ತೀರ್ಮಾನ ಕೊಟ್ಟಿದ್ದರು. ಒಮ್ಮೆ ಬೂಬಮ್ಮ ಕೊಟ್ಟ ಸಿಹಿಯನ್ನು ಮಾತ್ರ ಅತ್ತೆ, "ಮನೆಗೆ ಹೋಗಿ ತಿನ್ತೀವಿ" ಎಂದು ಸೆರಗಿಗೆ ಕಟ್ಟಿಕೊಂಡು ದಾರಿಯಲ್ಲಿ ಹಸುವಿಗೆ ಹಾಕಿದರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಮಾರನೆಯ ದಿನ ಬೂಬಮ್ಮ, "ಹೇಗಿತ್ತು ಬೇಟೀ?" ಎಂದು ಕೇಳಿದಾಗ, ಬಾಯಲ್ಲಿ ಇನ್ನೂ ರುಚಿ ಇದೆ ಎಂದುಬಿಟ್ಟೆ.

ಬೂಬಮ್ಮನ ಪ್ರಶ್ನೆಗಳೇ ಬೇರೆ. ಎಲ್ಲರೂ ಅವನು ಏನಂದ, ಅವಳು ಏನಂದಳು ಎಂದು ಕೇಳಿದರೆ ಇವರು, "ಈಗ ಏನ್ ಮಾಡ್ತಾವ್ಳೆ ಬೇಟೀ? ನಗ್ತಾವ್ಳಾ, ಅಳ್ತಾವ್ಳಾ? ಮನೆ ಒಳಗಾ, ಹೊರಗಾ?" ಎನ್ನುವರು. ಬಟ್ಟೆ ಎತ್ತಿ ಕಟ್ಟಿದ್ದಾರಲ್ಲ, ನೋಡಬಾರದೇ ಎಂದು ನನಗೆ ಒಳಗೊಳಗೇ ರೇಗುತ್ತಿತ್ತು. ಮೂಲೆಯಿಂದ ಸರಿಯಾಗಿ ಕಾಣಿಸುವುದಿಲ್ಲವೇನೋ ಎಂದುಕೊಂಡು ಹೇಳುತ್ತಿದ್ದೆ.

ಮಾವಿನಕಾಯಿ ಕೊಳ್ಳಲು ಬಂದಿದ್ದ ನಮ್ಮ ಮಾಲೂರಿನ ಬೀದಿಯ ವ್ಯಾಪಾರಿಯೊಬ್ಬರು ಆ ದಿನಗಳಲ್ಲೇ ಒಮ್ಮೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ನಿಮ್ಮಮ್ಮನಿಗೆ ಕಣ್ಣು ಆರ್ತಾ ಇದೆ ಕಣಮ್ಮ, ಮಂಜು ಕವಿದ ಹಾಗಂತೆ. ಕೋಲಾರದ ಡಾಕ್ಟ್ರು ಕೈ ಚೆಲ್ಲಿಬಿಟ್ರು. ಪೂರ್ತಿ ಕತ್ತಲಾಗೋದ್ರೊಳಗೆ ನಿನ್ನ ಮುಖ ಒಂದು ಸಲ ನೋಡ್ಬೇಕಂತೆ. ಅಷ್ಟೇ ಹೇಳು ಅಂದ್ರು" ಎಂದರು. ನಾನು ಹಾಗೇ ಒಳಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆ. ನಿಜವಾಗಿ ಬಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡು ಅವರು, "ನಿಮ್ಮಪ್ಪನಿಗೆ ಕಾಲಿಲ್ವಾ? ಬಂದು ಕರ್ಕೊಂಡು ಹೋಗ್ಲಿ" ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಅದೇ ನನ್ನನ್ನು ಸುಟ್ಟದ್ದು. "ಅದೂ ಅಲ್ದೆ ನೀನು ಹೋದ್ರೆ ನಮಗೆ ಕಥೆ ಹೇಳೋರ್ಯಾರು?"

ಅಲ್ಲಿಗೆ ಎಲ್ಲ ಬಾಗಿಲೂ ಮುಚ್ಚಿದ ಹಾಗಾಯಿತು. ಆ ಮನೆಯಲ್ಲಿ ನನಗೆ ಬೆಲೆ ತಂದುಕೊಟ್ಟದ್ದೇ ನನ್ನನ್ನು ಕಟ್ಟಿಹಾಕಿತ್ತು. ಅರವ ಬೇಡದಾಗ ಬೇಡದ ಸೊಸೆ, ಅರವ ಬೇಕಾದಾಗ ಬಿಡದ ಸೊಸೆ. ಅಮ್ಮ ಅಲ್ಲಿ ದಿನದಿನಕ್ಕೂ ಕಡಿಮೆಯಾಗುವ ಬೆಳಕಿನಲ್ಲಿ ಬಾಗಿಲ ಕಡೆ ನೋಡಿಕೊಂಡು ಕೂತಿರುವಾಗ, ನಾನಿಲ್ಲಿ ಯಾರದೋ ರಾಜರಾಣಿಯರ ಗೋಳನ್ನು ಕನ್ನಡ ಮಾಡಿಕೊಂಡು ಕೂತಿದ್ದೆ. ಗಂಡನ ಹತ್ತಿರ ಹೋಗಿ ಅತ್ತುಕೊಂಡೆ. ಅವರು ನನ್ನ ಕಣ್ಣು ಒರೆಸಿ, "ಅಮ್ಮನ್ನ ಇನ್ನೊಂದ್ಸಲ ಕೇಳು" ಎಂದರು. ಅವರನ್ನು ಬಾವಿಗೆ ನೂಕಬೇಕೆನ್ನಿಸಿತು.

ಆ ವಾರ ಒಂದು ನಗೆಯ ಪಿಕ್ಚರ್ ಇತ್ತು. ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಗುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ಅತ್ತೆಗೇ ಕೇಳಿಸಲಿಲ್ಲ. ಬೂಬಮ್ಮನಿಗೆ ಕೇಳಿಸಿತು. ರೀಲು ನಿಂತಾಗ ಅತ್ತೆ ಕಡಲೆಕಾಯಿ ಕೊಳ್ಳಲು ಎದ್ದರು. ಕರಿ ಬಟ್ಟೆ ನನ್ನ ಭುಜದ ಹತ್ತಿರಕ್ಕೆ ಸರಿಯಿತು. "ಇದು ಅಳೋ ಪಿಕ್ಚರ್ ಅಲ್ಲ ಅಲ್ವಾ ಬೇಟೀ. ನೀನ್ಯಾಕೆ ಅಳ್ತಿದ್ದಿ?" ಎಲ್ಲವನ್ನೂ ಹೇಳಿದೆ. ಹೋಳಿಗೆಯಿಂದ ಹಿಡಿದು ಅಮ್ಮನ ಕಣ್ಣಿನ ತನಕ. ಅವರು ಅಯ್ಯೋ ಪಾಪ ಎನ್ನಲಿಲ್ಲ. "ನೋವೈತಾ ಕಣ್ಣಲ್ಲಿ, ಇಲ್ಲ ಸುಮ್ನೆ ಮಂಜು ಕವ್ಕೊಳ್ತದಾ?" ಎಂದು ಕೇಳಿದರು. ಮಂಜು ಕವಿದ ಹಾಗೆ ಎಂದು ವ್ಯಾಪಾರಿ ಹೇಳಿದ್ದರು, ಅದನ್ನೇ ಹೇಳಿದೆ. "ಹಾಗಾದ್ರೆ ಬೇಗ ಹೋಗ್ಬೇಕು" ಎಂದರು. ಅಷ್ಟರಲ್ಲಿ ಅತ್ತೆ ಬಂದರು.

ಅದಾದ ಮೇಲೆ ಟೆಂಟಿಗೆ ಒಂದು ಹಿಂದೂಸ್ತಾನಿ ಪಿಕ್ಚರ್ ಬಂತು. ನನಗೆ ಆ ಭಾಷೆಯ ಗಂಧವೂ ಇಲ್ಲ. ನಮ್ಮತ್ತೆಯ ಮುಖ ಬಾಡಿತು. ಬಟ್ಟೆಯ ಹಿಂದಿನಿಂದ ಬೂಬಮ್ಮ, "ನಾನಿಲ್ವಾ? ನಾನು ಹೇಳ್ತೀನಿ ಬನ್ನಿ" ಎಂದರು. ಆ ಪಿಕ್ಚರಿಗೆ ಕಥೆ ಹೇಳುವುದು ಅವರು, ಕೇಳುವುದು ನಾವು. ಎಂಥಾ ಕಥೆ ಹೇಳುತ್ತಿದ್ದರು! ನಾನು ಒಣ ಒಣ ಹೇಳುತ್ತಿದ್ದೆ. ಅವರು ಮುದುಕನಾದರೆ ಮುದುಕನ ಗಂಟಲು, ಮಗುವಾದರೆ ಮಗುವಿನ ಗಂಟಲು, ಉರ್ದು ಬೆರೆಸಿದ ಕನ್ನಡದಲ್ಲಿ, ನಡುನಡುವೆ ತೆಲುಗು ಸೇರಿಸಿ. ಕೋಟೆಯೊಳಗೆ ಮದುವೆಯಾಗಿ ಹೋದ ಒಬ್ಬ ಹುಡುಗಿ. ಅವಳನ್ನು ಹೊರಗೆ ಬಿಡುವುದಿಲ್ಲ. ಅವಳಪ್ಪ ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿಯ ವೇಷದಲ್ಲಿ ಕೋಟೆಯೊಳಗೆ ಬಂದಿದ್ದಾನೆ. ಮಗಳು ನೀರಿಗೆ ಕೈಯೊಡ್ಡಿದ್ದಾಳೆ. ಮುದುಕ ಏನೋ ಹೇಳಿದ, ಅವಳು ಕಿರುಚಿದಳು, ಕಾವಲಿನವರು ಓಡಿ ಬಂದರು. ರೀಲು ಮುಗಿಯಿತು. ದೀಪ ಹತ್ತಿತು. ಬಟ್ಟೆ ಕೆಳಗೆ ಬಿತ್ತು.

"ಏಮಂಟಾಡು? ಏನಂದ ಮುದುಕ? ಗುರುತು ಸಿಕ್ತಾ ಅವ್ಳಿಗೆ?" ನಮ್ಮತ್ತೆ ಬಟ್ಟೆಗೇ ಅಂಟಿಕೊಂಡರು.

ಒಳಗಿನಿಂದ ಎಲೆ ಅಡಿಕೆ ಜಗಿಯುವ ಸದ್ದು.

"ಬೂಬಮ್ಮಾ! ಹೇಳ್ರೀ!"

"ನಾನು ಹೇಳಲ್ಲ."

ಹೆಂಗಸರೆಲ್ಲ ಬಟ್ಟೆಯ ಕಡೆ ತಿರುಗಿದರು. ಬೂಬಮ್ಮ ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಿಮ್ಮ ಮನೇಲೂ ಒಬ್ಳು ಹುಡುಗಿ ಅವ್ಳಲ್ಲ, ಅವಳ ಅಮ್ಮನಿಗೆ ಕಣ್ಣು ಹೋಗ್ತಾ ಐತೆ. ಅವಳನ್ನ ತವರಿಗೆ ಕಳಿಸ್ತೀನಿ ಅಂತ ಹೇಳಿ. ಆಮೇಲೆ ಕಥೆ."

ನಮ್ಮತ್ತೆಯ ಮುಖ ಕೆಂಪಗಾಯಿತು. "ಇವರ್ಯಾರು ನಮ್ಮ ಮನೆ ವಿಷಯಕ್ಕೆ ಬರೋಕೆ? ನನಗೇನೂ ಕಥೆ ಬೇಡ, ನನಗೆ ಕಣ್ಣಿದೆ, ನೋಡಿದ್ರೆ ತಿಳಿಯುತ್ತೆ" ಎಂದು ಬೆನ್ನು ತಿರುಗಿಸಿ ಕೂತರು. ಮುಂದಿನ ರೀಲು ಬಂತು. ಸೆರೆಮನೆ, ಪತ್ರ, ಒಬ್ಬ ಮುದುಕಿ, ಮತ್ತೆ ಕುದುರೆ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಮತ್ತೆ ದೀಪ ಹತ್ತುವ ಹೊತ್ತಿಗೆ ಹೆಂಗಸರು ನಮ್ಮತ್ತೆಯ ಮೇಲೆ ಬಿದ್ದರು. "ಹೂಂ ಅನ್ರಮ್ಮ!" "ಹೆತ್ತ ತಾಯಿ ಅಲ್ವಾ!" "ನಿಮ್ಮ ಹಟಕ್ಕೆ ನಮ್ಮ ಪಿಕ್ಚರ್ ಹಾಳಾಯ್ತು!" ಕೊನೆಯದನ್ನು ಹೇಳಿದವರೇ ಹೆಚ್ಚು.

"ಕಳಿಸ್ತೀನಿ ಕಣ್ರೇ!" ನಮ್ಮತ್ತೆ ಕೂಗಿದರು. "ಅವಳಪ್ಪ ಬರ್ಲಿ ಬಿಡ್ಲಿ, ಕಳಿಸ್ತೀನಿ. ಈಗ ಬಾಯಿ ಬಿಡಿ ತಾಯಿ!"

ಬೂಬಮ್ಮ ಬಾಯಿ ಬಿಟ್ಟರು. ಕಥೆಯಲ್ಲಿ ಅಪ್ಪನೂ ಮಗಳೂ ಸೇರಿದರೋ ಇಲ್ಲವೋ ನನಗೆ ನೆನಪಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ರೈಲು ಹತ್ತಿಬಿಟ್ಟಿದ್ದೆ.

ಮನೆಗೆ ಬಂದ ಮೇಲೆ ಶುರುವಾಯಿತು. "ಮನೆ ಮಾತನ್ನ ಟೆಂಟಲ್ಲಿ ಹರಡಿದ್ಯಾ? ಸಾಬರ ಕೈಲಿ ನನಗೆ ಹೇಳಿಸ್ತೀಯಾ?" ಒಂದು ವಾರ ಇದೇ. ಆದರೂ ಊರ ಹೆಂಗಸರ ಮುಂದೆ ಕೊಟ್ಟ ಮಾತು, ಇಲ್ಲವೆನ್ನಲು ಅವರಿಗೆ ಆಗಲಿಲ್ಲ. ಇಲ್ಲ ಎನ್ನದೆ ಇಲ್ಲವಾಗಿಸುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಕಳಿಸ್ತೀನಿ ಅಂದೆ, ಇವತ್ತೇ ಅಂದ್ನಾ? ಈ ಪಿಕ್ಚರ್ ಒಂದು ಆಗ್ಲಿ." ಅದು ತಮಿಳಿನದು. ಅದಾಯಿತು. "ಮುಂದಿನದೂ ಅರವದ್ದಂತೆ, ಅದೊಂದು ನೋಡ್ಬಿಡೋಣ." ಅದೂ ಆಯಿತು. "ಹೇಗೂ ಮಳೆ ಹಿಡಿದ್ರೆ ಟೆಂಟು ಏಳುತ್ತೆ. ಆಮೇಲೆ ನೆಮ್ಮದಿಯಾಗಿ ಹೋಗ್ಬಾ." ಟಿನ್ ಪೆಟ್ಟಿಗೆಯಲ್ಲಿ ಸೀರೆಗಳನ್ನು ತುಂಬಿ ಇಟ್ಟಿದ್ದೆ. ದಿನಾ ಅದರಿಂದಲೇ ಒಂದು ತೆಗೆದು ಉಟ್ಟು ಟೆಂಟಿಗೆ ಹೋಗುತ್ತಿದ್ದೆ. ಆ ವರ್ಷ ಮಾವು ಹುಲುಸಾಗಿ ಬಂತು. ಮಳೆ ಮಾತ್ರ ಬರಲೇ ಇಲ್ಲ. ಬಾವಿಯ ಹತ್ತಿರ ನಿಂತು ಮೋಡವನ್ನು ಬೈದಿದ್ದೇನೆ. ಬೂಬಮ್ಮ ದಿನವೂ ಕೇಳುವರು: "ಇನ್ನೂ ಇಲ್ಲೇ ಇದ್ದೀಯಾ ಬೇಟೀ?" ನಾನು, "ಇಲ್ಲೇ ಇದ್ದೀನಿ" ಎನ್ನುವೆ. ಆಗೆಲ್ಲ ಅವರು ಜೋರಾಗಿ ಕೆಮ್ಮುವರು, ನಮ್ಮತ್ತೆಗೆ ಕೇಳಲಿ ಎಂದು.

ಕೊನೆಗೆ ಮಾವು ಮುಗಿದು, ಮಳೆ ಬಿದ್ದು ಟೆಂಟು ಎದ್ದಿತು. ನನ್ನ ಗಂಡ ನನ್ನನ್ನು ಕರೆದುಕೊಂಡು ಹೊರಟರು. ಪುಟ್ಟ ರೈಲು ಎಲ್ಲೆಲ್ಲೋ ನಿಂತು, ಎಲ್ಲೆಲ್ಲೋ ನೀರು ಕುಡಿದು ನನ್ನ ಜೀವ ತಿಂದಿತು. ಮಾಲೂರಿನ ಮನೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅಳಿಯನಿಗೆ ಮುಖ ಕೊಟ್ಟು ಮಾತಾಡಲಿಲ್ಲ, ಆದರೆ ಅವರ ಕೈಯಿಂದ ಪೆಟ್ಟಿಗೆ ಇಸಿದುಕೊಂಡರು. ಅಮ್ಮ ಹಿತ್ತಲ ಬಾಗಿಲಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಮುಖವೆತ್ತಿದರು. ನನ್ನ ಮೇಲೆ ಅಲ್ಲ, ಪಕ್ಕದ ಗೋಡೆಯ ಮೇಲೆ ನೋಟ ನಿಂತಿತು.

"ಬೆಳಕಿಗೆ ಅಡ್ಡ ನಿಂತಿದ್ದೀರಿ, ಯಾರು?" ಎಂದರು.

"ನಾನಮ್ಮ."

ಹುರುಳಿಕಾಯಿ ನೆಲಕ್ಕೆ ಚೆಲ್ಲಿತು. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ಹಣೆ, ಹುಬ್ಬು, ಮೂಗುಬೊಟ್ಟು ಎಲ್ಲ ತಡವಿದರು. "ಯುಗಾದಿಗೆ ಇನ್ನೂ ಚೆನ್ನಾಗಿ ಕಾಣ್ತಿತ್ತು ಕಣೇ. ಆಮೇಲೂ ಕಾಣ್ತಿತ್ತು. ಬೀದೀಲಿ ಮಾವಿನಹಣ್ಣಿನ ಗಾಡಿ ಬರೋದು ನೋಡಿದ್ದೀನಿ. ಇನ್ನೇನು ಮಾವಿನಹಣ್ಣು ಮುಗೀತು ಅನ್ನೋವಾಗ ಒಂದು ಬೆಳಿಗ್ಗೆ ಎದ್ದೆ, ಬೆಳಗೇ ಆಗ್ಲಿಲ್ಲ." ಇನ್ನೇನು ಮಾವಿನಹಣ್ಣು ಮುಗಿಯಿತು ಎನ್ನುವಾಗ ನಾನು ಶ್ರೀನಿವಾಸಪುರದ ಟೆಂಟಿನಲ್ಲಿ, ಕಟ್ಟಿಟ್ಟ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟುಕೊಂಡು, ಅದೊಂದು ನೋಡಿಬಿಡೋಣ ಎಂದ ಪಿಕ್ಚರಿನ ಕಥೆ ಹೇಳುತ್ತಿದ್ದೆ. ನಾನು ಆ ಹಿತ್ತಲಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಅಪ್ಪ ಬಂದು, "ನಾನೇ ಒಂದ್ಸಲ ಬಂದು ಕರೀಬೇಕಾಗಿತ್ತು" ಎಂದರು. "ಹೌದು, ಕರೀಬೇಕಾಗಿತ್ತು" ಎಂದೆ. ಅವರನ್ನೂ ಬಿಡಲಿಲ್ಲ ನಾನು.

ಅಲ್ಲಿದ್ದಷ್ಟು ದಿನ ಅಮ್ಮನಿಗೆ ಪಿಕ್ಚರಿನ ಕಥೆಗಳನ್ನೆಲ್ಲ ಹೇಳಿದೆ. ರೀಲು ಅದಲುಬದಲಾದದ್ದು, ಅವಳಿ ತಮ್ಮ, ಭಿಸ್ತಿ, ಎಲ್ಲ. ಬೂಬಮ್ಮ ನಮ್ಮತ್ತೆಯನ್ನು ಹೇಗೆ ಹಿಡಿದುಹಾಕಿದರು ಎನ್ನುವುದನ್ನು ಅಮ್ಮ ಮತ್ತೆ ಮತ್ತೆ ಹೇಳಿಸಿಕೊಂಡು ನಕ್ಕರು. ನಕ್ಕು ನಕ್ಕು ಆಮೇಲೆ, "ಆ ಪುಣ್ಯಾತ್ಗಿತ್ತಿ ಮುಖ ಹೇಗಿದೆಯೇ?" ಎಂದು ಕೇಳಿದರು.

"ಗೊತ್ತಿಲ್ಲಮ್ಮ. ನಾನು ನೋಡೇ ಇಲ್ಲ."

"ಸರಿಹೋಯ್ತು" ಎಂದರು ಅಮ್ಮ. "ನೀನು ಅವಳನ್ನ ನೋಡ್ಲಿಲ್ಲ, ನಾನು ನಿನ್ನನ್ನ ನೋಡ್ಲಿಲ್ಲ."

ಮುಂದಿನ ವರ್ಷದ ಮಾವಿನ ಕಾಲಕ್ಕೆ ಟೆಂಟು ಮತ್ತೆ ಬಂತು. ಮೊದಲ ದಿನವೇ ತಮಿಳು ಪಿಕ್ಚರ್. ನಮ್ಮತ್ತೆ ಸೀರೆ ಬದಲಾಯಿಸಿ ಹೊರಟು ನಿಂತರು, ನಾನೂ ಹೊರಟೆ. ಕಥೆ ಹೇಳುವುದಕ್ಕಲ್ಲ. ಗೋಷಾದ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದ ಹಾಗೇ ಕರಿ ಬಟ್ಟೆಯ ಹಿಂದಿನಿಂದ ಅದೇ ದಪ್ಪ ಧ್ವನಿ: "ಬಂದ್ಯಾ ಬೇಟೀ? ಅಮ್ಮ ನಿನ್ನ ಮುಖ ನೋಡಿದ್ಲಾ?"

ನಮ್ಮತ್ತೆ ನನ್ನ ಮಗ್ಗುಲಲ್ಲೇ ಇದ್ದರು. ಊರಿಂದ ಬಂದಾಗ ಅವರು ಏನೂ ಕೇಳಿರಲಿಲ್ಲ, ನಾನೂ ಏನೂ ಹೇಳಿರಲಿಲ್ಲ. ಈಗ ಅವರಿಗೂ, ಸುತ್ತ ಕೂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇಲ್ಲ ಬೂಬಮ್ಮ. ನೋಡ್ಲಿಲ್ಲ. ನಾನು ಹೋಗೋ ಹೊತ್ತಿಗೆ ಪೂರ್ತಿ ಹೋಗಿತ್ತು. ಮಾವಿನಹಣ್ಣು ಮುಗಿಯೋ ತನಕ ಕಾಣ್ತಿತ್ತಂತೆ." ಆಮೇಲೆ ಸುಮ್ಮನಿರಲಾರದೆ, "ನಿಮ್ಮ ಮುಖ ಹೇಗಿದೆ ಅಂತ ಅಮ್ಮ ಕೇಳಿದ್ರು. ಗೊತ್ತಿಲ್ಲ ಅಂದೆ" ಎಂದೆ.

ದೀಪ ಆರಿತು. ಯುದ್ಧದ ಸುದ್ದಿ ತೋರಿಸಿದರು, ಆಮೇಲೆ ಪಿಕ್ಚರ್ ಶುರುವಾಯಿತು. ನಾನು ಬಾಯಿ ಬಿಡಲಿಲ್ಲ. ನನ್ನ ತೊಡೆಯನ್ನು ಯಾರೂ ತಿವಿಯಲಿಲ್ಲ. ಹಿಂದಿನಿಂದ ಯಾರೋ, "ಏನಂತಮ್ಮಾ?" ಎಂದಾಗ ನಮ್ಮತ್ತೆ, "ಅವಳನ್ನ ಕೇಳ್ಬೇಡ್ರೇ" ಎಂದು ಮೆಲ್ಲಗೆ ಹೇಳಿದರು. ಅವರ ಬಾಯಲ್ಲಿ ಅಷ್ಟು ಸಣ್ಣ ಧ್ವನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ರೀಲು ಮುಗಿಯಿತು. ದೀಪ ಹತ್ತಿತು. ಕರಿ ಬಟ್ಟೆ ಕೆಳಗೆ ಬೀಳಲಿಲ್ಲ. ಬಟ್ಟೆ ಬಿಡುವ ಮುದುಕಿ, "ಅಯ್ಯೋ ಬೂಬಮ್ಮ, ದೀಪ, ದೀಪ!" ಎಂದು ಓಡಿ ಬಂದಳು. ಬೂಬಮ್ಮ ಬಟ್ಟೆಯನ್ನು ತಮ್ಮ ಕೈಯಲ್ಲೇ ಹಿಡಿದು ಮೇಲೆತ್ತಿಕೊಂಡಿದ್ದರು. "ಇರ್ಲಿ ಬಿಡು" ಎಂದರು. ಆಮೇಲೆ ನನ್ನ ಧ್ವನಿ ಬಂದಿದ್ದ ಕಡೆಗೆ ಮುಖ ತಿರುಗಿಸಿ, "ನೋಡ್ಕೋ ಬೇಟೀ. ನೋಡ್ಕೊಂಡು ಅಮ್ಮನಿಗೆ ಹೇಳು."

ನಾನು ಎಣಿಸಿದ್ದಕ್ಕಿಂತ ಚಿಕ್ಕ ಮುಖ. ಸಿಡುಬಿನ ಕಲೆಗಳು, ಎಲೆ ಅಡಿಕೆಯ ಕೆಂಪು ತುಟಿ, ಬಿಳಿಯ ಕೂದಲು. ಎರಡು ಕಣ್ಣಿನ ಮೇಲೂ ಹಾಲಿನ ಕೆನೆಯಂಥ ಬಿಳಿ ಪೊರೆ. ಆ ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಎಲ್ಲೋ ನಿಂತಿದ್ದವು.

ನಗ್ತಾವ್ಳಾ, ಅಳ್ತಾವ್ಳಾ. ಮನೆ ಒಳಗಾ, ಹೊರಗಾ. ಕತ್ತಲಲ್ಲಿ ದಿನದಿನವೂ ಕೇಳಿದ್ದ ಆ ಪ್ರಶ್ನೆಗಳೆಲ್ಲ ಒಟ್ಟಿಗೇ ನನ್ನ ಕಿವಿಗೆ ಬಂದವು. ಮುದುಕಿ ಬಟ್ಟೆ ಎಳೆದುಬಿಟ್ಟಳು.

ಮತ್ತೆ ದೀಪ ಆರಿತು, ಬಟ್ಟೆ ಎದ್ದಿತು, ಎಂಜಿನ್ನು ದಡದಡ ಎಂದಿತು. ನಮ್ಮತ್ತೆ ಚಾಪೆಯಿಂದ ಎದ್ದು, ನನ್ನನ್ನು ದಾಟಿಕೊಂಡು, ಗೋಷಾದ ತಡಿಕೆಗೆ ಒರಗಿ ಬೂಬಮ್ಮನ ಪಕ್ಕದಲ್ಲೇ ಕೂತರು. ಮಾತು ತಿಳಿಯದ ಪಿಕ್ಚರಿನ ಕಡೆ ಕಣ್ಣಿಟ್ಟು, ಬೂಬಮ್ಮನ ಕಿವಿಯ ಹತ್ತಿರ ಬಾಗಿದರು. ನಾನು ಅವರನ್ನು ಕ್ಷಮಿಸಲಿಲ್ಲ, ಈಗಲೂ ಕ್ಷಮಿಸಿಲ್ಲ. ಆದರೆ ಆ ಕತ್ತಲಲ್ಲಿ ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ಈಗ ಅವ್ಳು ಬಾಗಿಲು ತೆಗೀತಾ ಅವ್ಳೆ ಬೂಬಮ್ಮ. ಹೊರಗೆ ಯಾರೋ ನಿಂತವ್ರೆ. ಅವಳ ಅಮ್ಮ ಇರ್ಬೇಕು. ಇಬ್ರೂ ಒಬ್ಬರನ್ನೊಬ್ಬರು ನೋಡ್ತಾವ್ರೆ."